ಹಕ್ಕುಕೋರಿಕೆಯ ಪದವೂ ವಿವರಣೆಯ ಆಧಾರವೂ: ಹೊಲಿದ ವಸ್ತ್ರದ ಆವಿಷ್ಕಾರಗಳನ್ನು ಕುರಿತು ಒಂದು ವಿವೇಚನೆ

1. ಪ್ರಸ್ತಾವನೆ

1873ರ ಮೇ 20ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಪೇಟೆಂಟ್ ಕಚೇರಿಯು 139121ನೆಯ ಸಂಖ್ಯೆಯ ಪೇಟೆಂಟನ್ನು ಮಂಜೂರು ಮಾಡಿತು. ನೆವಾಡ ರಾಜ್ಯದ ರೀನೊ ಪಟ್ಟಣದ ದರ್ಜಿ ಜೇಕಬ್ ಡೇವಿಸ್ ಅದರ ಆವಿಷ್ಕಾರಕ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಲೀವೈ ಸ್ಟ್ರಾಸ್ ಕಂಪನಿ ಅದರ ಸಹಭಾಗಿ. ಷರಾಯಿಯ ಜೇಬಿನ ಬಾಯಿಯ ಎರಡು ತುದಿಗಳಲ್ಲಿ ಹೊಲಿಗೆ ಬಿಚ್ಚಿಹೋಗದಂತೆ ಲೋಹದ ರಿವೆಟ್ ಕೂರಿಸುವುದು ಆ ಆವಿಷ್ಕಾರದ ಸಾರ. ಇಂದು ಲೋಕವೆಲ್ಲ ಬಲ್ಲ ಜೀನ್ಸ್ ಉಡುಪಿನ ಮೂಲ ಇದೇ ಆಗಿದೆ.

ಆ ಪೇಟೆಂಟಿನ ಬರವಣಿಗೆಯಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಪಾದರಕ್ಷೆಯ ಹೊಲಿಗೆಗಳನ್ನು ಭದ್ರಪಡಿಸಲು ರಿವೆಟ್‌ಗಳನ್ನು ಆಗಲೇ ಬಳಸಲಾಗುತ್ತಿತ್ತೆಂಬುದನ್ನು ಡೇವಿಸ್ ಸ್ವತಃ ಒಪ್ಪಿಕೊಂಡು, ರಿವೆಟ್‌ನಿಂದ ಹೊಲಿಗೆಯನ್ನು ಬಿಗಿಯುವುದನ್ನೇ ವ್ಯಾಪಕವಾಗಿ ತನ್ನದೆಂದು ಹೇಳುವುದಿಲ್ಲವೆಂದು ಸ್ಪಷ್ಟಪಡಿಸಿದ್ದಾನೆ. ಎರಡನೆಯದಾಗಿ, ಅವನು ಕೋರಿದ ಹಕ್ಕು ಷರಾಯಿಗೆ, ಅದರಲ್ಲಿಯೂ ಜೇಬಿನ ಬಾಯಿಗೆ ಸೀಮಿತವಾಗಿದ್ದು, ವಿವರಿಸಿ ತೋರಿಸಿದ ರೀತಿಗೆ ಬದ್ಧವಾಗಿದೆ. ಉಡುಪು ಎಂಬ ಪದವನ್ನಾಗಲಿ ಲೋಹದ ಯಾವುದೇ ಬಂಧಕ ಎಂಬ ಪದವನ್ನಾಗಲಿ ಅವನು ಹಕ್ಕಿನ ವಾಕ್ಯಕ್ಕೆ ಸೇರಿಸಲಿಲ್ಲ. ವಿವರಿಸಿದ್ದಕ್ಕೂ ಕೋರಿದ್ದಕ್ಕೂ ನಡುವೆ ಅಂತರವಿಲ್ಲದಂತೆ ಆ ವಾಕ್ಯ ರಚಿತವಾಗಿದೆ.

ಈ ಅಂತರ ಉಂಟಾದಾಗ ಏನಾಗುತ್ತದೆ ಎಂಬುದೇ ಪ್ರಸ್ತುತ ಲೇಖನದ ವಿಷಯ. ಆವಿಷ್ಕಾರ ಹೊಸದಾಗಿದ್ದರೂ ಉಪಯುಕ್ತವಾಗಿದ್ದರೂ, ಹಕ್ಕನ್ನು ಕೋರುವ ವಾಕ್ಯದಲ್ಲಿನ ಒಂದು ಪದಕ್ಕೆ ಮೂಲ ವಿವರಣೆಯಲ್ಲಿ ಆಧಾರವಿಲ್ಲವೆಂಬ ಒಂದೇ ಕಾರಣದಿಂದ ಅರ್ಜಿಗಳು ನಿರಾಕೃತವಾಗುವುದುಂಟು. ಈ ನಿಯಮ ಅತ್ಯಂತ ವಿಸ್ತಾರವಾಗಿ ಬೆಳೆದಿರುವುದು ಅಮೆರಿಕದ ನ್ಯಾಯತೀರ್ಪುಗಳಲ್ಲಿ. ಆದ್ದರಿಂದ ಅಲ್ಲಿನ ತತ್ತ್ವಗಳನ್ನು ಮೊದಲು ವಿವೇಚಿಸಿ, ಹೊಲಿದ ವಸ್ತ್ರದ ಒಂದು ಕಲ್ಪಿತ ನಿದರ್ಶನಕ್ಕೆ ಅವನ್ನು ಅನ್ವಯಿಸಿ, ಅನಂತರ ಭಾರತದ ಕಾಯಿದೆಯನ್ನೂ ನಮ್ಮ ನಾಡಿನ ಕಸುಬುದಾರರಿಗೆ ಅದರಿಂದ ಒದಗುವ ಪರಿಣಾಮವನ್ನೂ ಪರಿಶೀಲಿಸಲಾಗಿದೆ.

2. ವಿವರಣ ಪತ್ರ ಮತ್ತು ಹಕ್ಕುಕೋರಿಕೆ

ಪೇಟೆಂಟ್ ಅರ್ಜಿಯ ಮುಖ್ಯ ದಾಖಲೆಯನ್ನು ಸ್ಪೆಸಿಫಿಕೇಷನ್ ಎನ್ನುತ್ತಾರೆ. ಇಲ್ಲಿ ಅದನ್ನು ವಿವರಣ ಪತ್ರ ಎಂದು ಕರೆಯಲಾಗಿದೆ. ಅದರಲ್ಲಿ ಎರಡು ಭಾಗಗಳಿರುತ್ತವೆ. ಮೊದಲ ಭಾಗವು ಆವಿಷ್ಕಾರದ ಸ್ವರೂಪ, ರಚನೆ, ತಯಾರಿಕೆ ಹಾಗೂ ಬಳಕೆಯ ನಿರೂಪಣೆ. ಚಿತ್ರಗಳೂ ಇದರ ಅಂಗವೇ. ಕೊನೆಯ ಭಾಗವು ಕಚೇರಿಯ ಭಾಷೆಯಲ್ಲಿ ಕ್ಲೇಮು ಎನಿಸಿಕೊಳ್ಳುವ ವಾಕ್ಯಗಳ ಸರಣಿ. ಇವನ್ನು ಹಕ್ಕುಕೋರಿಕೆ ಎಂದು ಕರೆಯಬಹುದು. ಒಂದೊಂದು ಹಕ್ಕುಕೋರಿಕೆಯೂ ಒಂದೇ ವಾಕ್ಯದಲ್ಲಿರುವುದು ವಾಡಿಕೆ. ಹೊಲಕ್ಕೆ ಹಾಕಿದ ಬೇಲಿಯಂತೆ ಅದು ಹಕ್ಕಿನ ಎಲ್ಲೆಯನ್ನು ಗೊತ್ತುಪಡಿಸುತ್ತದೆ. ಬೇಲಿಯ ಒಳಗಿನದನ್ನು ಅನ್ಯರು ಅನುಮತಿಯಿಲ್ಲದೆ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಹೊರಗಿನದು ಎಲ್ಲರಿಗೂ ಮುಕ್ತ.

ಈ ಎರಡು ಭಾಗಗಳ ಆಯುಷ್ಯ ಒಂದೇ ತೆರನಾಗಿಲ್ಲ ಎಂಬುದನ್ನು ನೆನಪಿಡಬೇಕು. ವಿವರಣೆಯು ಅರ್ಜಿ ಸಲ್ಲಿಸಿದ ದಿನಕ್ಕೆ ಸ್ಥಿರವಾಗಿಬಿಡುತ್ತದೆ. ಹಕ್ಕುಕೋರಿಕೆಯಾದರೋ ಪರೀಕ್ಷೆಯ ಅವಧಿಯಲ್ಲಿ ಹಲವು ಬಾರಿ ತಿದ್ದುಪಡಿಗೆ ಒಳಗಾಗುತ್ತದೆ. ಪರೀಕ್ಷಕನು ಹಳೆಯ ಪೇಟೆಂಟೊಂದನ್ನು ಮುಂದಿಟ್ಟು, ಈ ರಚನೆ ಆಗಲೇ ಪ್ರಕಟವಾಗಿದೆ ಎಂದಾಗ, ಅರ್ಜಿದಾರನು ಅದಕ್ಕಿಂತ ತನ್ನದು ಭಿನ್ನವೆಂದು ತೋರಿಸಲು ಹಕ್ಕುಕೋರಿಕೆಗೆ ಹೊಸ ಪದವೊಂದನ್ನು ಸೇರಿಸುತ್ತಾನೆ. ನವೀನತೆಯ ಆಕ್ಷೇಪಣೆಯಿಂದ ಪಾರಾಗಲು ಸೇರಿಸಿದ ಆ ಪದವೇ ಮುಂದಿನ ಸುತ್ತಿನಲ್ಲಿ ಆಧಾರರಹಿತವೆಂಬ ಆಕ್ಷೇಪಣೆಗೆ ಗುರಿಯಾಗುತ್ತದೆ. ಬಹುಪಾಲು ನಿರಾಕರಣೆಗಳು ಹುಟ್ಟುವುದು ಈ ಇಕ್ಕಟ್ಟಿನಲ್ಲಿ.

3. ಆಧಾರದ ನಿಯಮ

ಅಮೆರಿಕದ ಪೇಟೆಂಟ್ ಕಾಯಿದೆಯ 112ನೆಯ ಪ್ರಕರಣದ ಮೊದಲ ಉಪಪ್ರಕರಣವು ವಿವರಣ ಪತ್ರದಲ್ಲಿ ಆವಿಷ್ಕಾರದ ಲಿಖಿತ ವಿವರಣೆ ಇರತಕ್ಕದ್ದೆಂದು ವಿಧಿಸುತ್ತದೆ. ತಿದ್ದುಪಡಿಯ ಮೂಲಕ ಹೊಸ ವಿಷಯವನ್ನು ಸೇರಿಸಲಾಗದೆಂದು 132ನೆಯ ಪ್ರಕರಣ ನಿಷೇಧಿಸುತ್ತದೆ. ವಿವರಣೆಯ ಭಾಗಕ್ಕೆ ಹೊಸ ವಿಷಯ ಸೇರಿದ್ದರೆ ಎರಡನೆಯ ನಿಯಮದಡಿ ಆಕ್ಷೇಪಣೆಯನ್ನೂ, ಹಕ್ಕುಕೋರಿಕೆಗೆ ಆಧಾರವಿಲ್ಲದ ಪದ ಸೇರಿದ್ದರೆ ಮೊದಲನೆಯ ನಿಯಮದಡಿ ನಿರಾಕರಣೆಯನ್ನೂ ನೀಡುವುದು ಕ್ರಮ.

ಲಿಖಿತ ವಿವರಣೆಯ ಅಗತ್ಯವು, ಕಸುಬಿನಲ್ಲಿ ನುರಿತವನು ಓದಿ ತಯಾರಿಸಬಲ್ಲಂತೆ ಬರೆಯಬೇಕೆಂಬ ಅಗತ್ಯಕ್ಕಿಂತ ಬೇರೆಯಾದುದೆಂದು ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠವು 2010ರಲ್ಲಿ ಏರಿಯಾಡ್ ವಿರುದ್ಧ ಈಲೈ ಲಿಲ್ಲಿ ಪ್ರಕರಣದಲ್ಲಿ ದೃಢಪಡಿಸಿತು. ಆ ಪೀಠದ ಇಬ್ಬರು ನ್ಯಾಯಮೂರ್ತಿಗಳು ಇಂತಹ ಪ್ರತ್ಯೇಕ ಅಗತ್ಯವನ್ನು ಕಾಯಿದೆಯ ಮಾತು ಸೂಚಿಸುವುದಿಲ್ಲವೆಂದು ಭಿನ್ನಾಭಿಪ್ರಾಯ ಬರೆದರೂ ಬಹುಮತದ ನಿಲುವೇ ಇಂದು ಅಲ್ಲಿನ ಕಾನೂನು. ಹೊಲಿಗೆಯಂತಹ ಕಸುಬಿನಲ್ಲಿ ಈ ಭೇದ ಬಹುಮುಖ್ಯ. ಒಳ್ಳೆಯ ದರ್ಜಿಗೆ ಒಂದು ಮಾತು ಹೇಳಿದರೆ ಹತ್ತು ವಿಧದಲ್ಲಿ ಹೊಲಿದು ತೋರಿಸಬಲ್ಲ. ಆದರೆ ಅವನು ಹೊಲಿಯಬಲ್ಲನೆಂಬುದು, ಆ ಹತ್ತೂ ವಿಧಗಳು ಅರ್ಜಿದಾರನ ಮನಸ್ಸಿನಲ್ಲಿ ಅರ್ಜಿಯ ದಿನ ಇದ್ದವೆಂಬುದಕ್ಕೆ ಸಾಕ್ಷಿಯಾಗದು. ಬರೆದುದರಿಂದ ಸುಲಭವಾಗಿ ಊಹಿಸಬಹುದಾದದ್ದು ಬರೆದಂತೆ ಆಗುವುದಿಲ್ಲವೆಂದು 1997ರ ಲಾಕ್‌ವುಡ್ ವಿರುದ್ಧ ಅಮೆರಿಕನ್ ಏರ್‌ಲೈನ್ಸ್ ತೀರ್ಪು ಹೇಳುತ್ತದೆ.

ಹಾಗೆಂದು, ಹಕ್ಕುಕೋರಿಕೆಯ ಪದವು ವಿವರಣೆಯಲ್ಲಿ ಅಕ್ಷರಶಃ ಇರಬೇಕೆಂದೇನೂ ಇಲ್ಲ. ಕಸುಬಿನಲ್ಲಿ ನುರಿತ ಓದುಗನು ವಿವರಣ ಪತ್ರವನ್ನು ಓದಿದಾಗ, ಈಗ ಕೋರಿರುವ ಆವಿಷ್ಕಾರ ಅರ್ಜಿದಾರನ ವಶದಲ್ಲಿತ್ತೆಂದು ಗುರುತಿಸಲು ಸಾಧ್ಯವೇ ಎಂಬುದೇ ಒರೆಗಲ್ಲು. ಈ ನಿಯಮದ ಹಿಂದಿರುವ ಉದ್ದೇಶವೂ ನ್ಯಾಯಸಮ್ಮತವಾದುದೇ. ಸಮಾಜವು ಆವಿಷ್ಕಾರಕನಿಗೆ ನಿಗದಿತ ಅವಧಿಯ ಏಕಸ್ವಾಮ್ಯ ನೀಡುವುದು ಅವನು ಬಹಿರಂಗಪಡಿಸಿದ ತಿಳಿವಿಗೆ ಪ್ರತಿಫಲವಾಗಿ. ಪ್ರತಿಸ್ಪರ್ಧಿಯೊಬ್ಬ ಮಾರುಕಟ್ಟೆಗೆ ತಂದ ಸುಧಾರಣೆಯನ್ನು ಕಂಡು, ಅದನ್ನೂ ಒಳಗೊಳ್ಳುವಂತೆ ಹಳೆಯ ಅರ್ಜಿಯ ಪದಗಳನ್ನು ಹಿಗ್ಗಿಸಲು ಅವಕಾಶವಿದ್ದರೆ, ಬಹಿರಂಗಪಡಿಸದುದಕ್ಕೂ ಪ್ರತಿಫಲ ಸಂದಾಯವಾದಂತಾಗುತ್ತದೆ.

4. ಒಂದು ಕಲ್ಪಿತ ನಿದರ್ಶನ

ಈ ತತ್ತ್ವಗಳು ಕಾರ್ಯರೂಪದಲ್ಲಿ ಹೇಗೆ ವರ್ತಿಸುತ್ತವೆಂದು ತಿಳಿಯಲು ಹೊಲಿದ ವಸ್ತ್ರದ ಒಂದು ಆವಿಷ್ಕಾರವನ್ನು ಕಲ್ಪಿಸಿಕೊಳ್ಳೋಣ. ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ತುಂಬುಪದರ. ಮೂರನ್ನೂ ಕೂಡಿಸುವ ಸಮಾನಾಂತರ ಹೊಲಿಗೆಯ ಸಾಲುಗಳು. ಇಷ್ಟರ ಮಟ್ಟಿಗೆ ಇದು ಉತ್ತರ ಕರ್ನಾಟಕದ ಕೌದಿಯನ್ನು ಹೋಲುತ್ತದೆ. ಆದ್ದರಿಂದ ಇಷ್ಟಕ್ಕೇ ಯಾರೂ ಪೇಟೆಂಟ್ ಪಡೆಯಲಾಗದು. ನಮ್ಮ ಕಲ್ಪಿತ ಅರ್ಜಿದಾರನ ಹೊಸತನವೆಂದರೆ, ತುಂಬುಪದರವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಸಾಲುಗಳ ಪಕ್ಕದಲ್ಲಿ ಗಾಳಿಯಾಡುವ ನಾಳಗಳು ಉಳಿಯುವಂತೆ ಹೊಲಿದಿರುವುದು. ಅವನ ವಿವರಣೆಯಲ್ಲಿ ಹತ್ತಿಯ ದಾರದ ಹೊಲಿಗೆಯ ವಿಚಾರವಿದೆ. ಸಾಲುಗಳ ನಡುವಿನ ಅಂತರ 15ರಿಂದ 40 ಮಿಲಿಮೀಟರ್ ಎಂದೂ, ತಯಾರಿಸಿ ನೋಡಿದ ಮಾದರಿಗಳಲ್ಲಿ 20 ಮತ್ತು 30 ಮಿಲಿಮೀಟರ್ ಎಂದೂ ಇದೆ. ವಸ್ತ್ರದ ಮೇಲ್ನೋಟದ ಚಿತ್ರವೊಂದು ಮತ್ತು ಅಡ್ಡಸೀಳಿಕೆಯ ಚಿತ್ರವೊಂದು ಇವೆ.

ಪರೀಕ್ಷಕನು ಇದೇ ತೆರನಾದ ಹಳೆಯ ಪೇಟೆಂಟೊಂದನ್ನು ಎದುರಿಟ್ಟನೆನ್ನೋಣ. ಅರ್ಜಿದಾರನು ಉತ್ತರವಾಗಿ ತಂದ ತಿದ್ದುಪಡಿಯಲ್ಲಿ ನಾಲ್ಕು ಬದಲಾವಣೆಗಳಿವೆ: ಹೊಲಿಗೆಯ ಸಾಲುಗಳು ಅಂಚಿನಿಂದ ಅಂಚಿಗೆ ಅಖಂಡವಾಗಿವೆ, ಅವುಗಳ ಅಂತರ ಕನಿಷ್ಠ 15 ಮಿಲಿಮೀಟರ್, ಹೊಲಿಗೆ ಎಂಬುದರ ಬದಲಿಗೆ ಜೋಡಣಾ ಸಾಧನ, ಮತ್ತು ಪದರಗಳು ಅಂಟಿನ ಬಳಕೆಯಿಲ್ಲದೆ ಕೂಡಿವೆ. ಇವುಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

(ಅ) ಅಖಂಡ ಎಂಬ ವಿಶೇಷಣ

ವಿವರಣೆಯ ಮಾತುಗಳಲ್ಲಿ ಈ ಪದವಿಲ್ಲ. ಆದರೆ ಚಿತ್ರದ ಆಧಾರವನ್ನು ಹುಡುಕಬಹುದು. 1991ರ ವಾಸ್-ಕ್ಯಾತ್ ವಿರುದ್ಧ ಮಹೂರ್ಕರ್ ಪ್ರಕರಣದಲ್ಲಿ, ಎರಡು ನಾಳಗಳ ಕ್ಯಾತಿಟರ್ ಒಂದರ ವಿನ್ಯಾಸ ಅರ್ಜಿಯ ಚಿತ್ರಗಳು ಮುಂದಿನ ಹಕ್ಕುಕೋರಿಕೆಗಳಿಗೆ ತಾವೇ ಆಧಾರವಾಗಬಲ್ಲವೆಂದು ಫೆಡರಲ್ ಸರ್ಕ್ಯೂಟ್ ಒಪ್ಪಿತು. ಹೊಲಿಗೆಯ ವಿಷಯದಲ್ಲಿ ಮಾತ್ರ ಒಂದು ವಿಶೇಷ ತೊಡಕಿದೆ. ಚಿತ್ರಗಳಲ್ಲಿ ಹೊಲಿಗೆಯನ್ನು ತುಂಡುಗೆರೆಯಿಂದ ತೋರಿಸುವುದು ವಾಡಿಕೆ. ಆ ತುಂಡುಗೆರೆಯು ಹೊಲಿಗೆ ಅಲ್ಲಲ್ಲಿ ನಿಂತಿದೆ ಎಂಬುದನ್ನೂ ಹೇಳದು, ಎಲ್ಲೂ ನಿಂತಿಲ್ಲ ಎಂಬುದನ್ನೂ ಹೇಳದು. ಅದು ಹೊಲಿಗೆಯ ಸಂಕೇತ ಮಾತ್ರ. ಸಾಲು ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ತಲುಪಿರುವುದು ಚಿತ್ರದಲ್ಲಿ ನಿಚ್ಚಳವಾಗಿದ್ದರೆ ಅಷ್ಟರ ಮಟ್ಟಿಗೆ ಆಧಾರ ದೊರೆಯುತ್ತದೆ. ಆದರೆ ಒಂದೇ ದಾರದಿಂದ ಎಲ್ಲಿಯೂ ತುಂಡಾಗದೆ ಹೊಲಿದಿದೆ ಎಂಬ ಅರ್ಥದಲ್ಲಿ ಅಖಂಡವೆಂಬ ಪದವನ್ನು ಬಳಸಿದರೆ ಚಿತ್ರ ಅದನ್ನು ಹೊರಲಾರದು. ಅದೇ ರೀತಿ, ಅಳತೆಗೆ ಅನುಗುಣವಾಗಿ ಬರೆದಿದೆಯೆಂದು ಹೇಳಿರದ ಚಿತ್ರದಿಂದ ನಿಖರವಾದ ಪ್ರಮಾಣಗಳನ್ನು ಹೊರತೆಗೆಯಲು ಬರುವುದಿಲ್ಲ.

(ಆ) ಕನಿಷ್ಠ ಎಂಬ ಮಿತಿ

ಮೇಲ್ನೋಟಕ್ಕೆ ಇದು ನಿರಪಾಯವಾದ ಪದ. 15 ಎಂಬ ಸಂಖ್ಯೆ ವಿವರಣೆಯಲ್ಲಿಯೇ ಇದೆಯಲ್ಲವೇ? ಆದರೆ 1976ರ ವರ್ಥೈಮ್ ತೀರ್ಪು ಇಲ್ಲಿ ಎಚ್ಚರಿಕೆಯ ಪಾಠವಾಗಿದೆ. ಕಾಫಿಯ ಸಾರವನ್ನು ಗಟ್ಟಿಗೊಳಿಸುವ ಆ ಪ್ರಕರಣದಲ್ಲಿ ಘನಾಂಶವು ಶೇಕಡ 25ರಿಂದ 60 ಎಂದೂ, ನಿರ್ದಿಷ್ಟ ಉದಾಹರಣೆಗಳಲ್ಲಿ 36 ಮತ್ತು 50 ಎಂದೂ ವಿವರಿಸಲಾಗಿತ್ತು. ಕನಿಷ್ಠ ಶೇಕಡ 35 ಎಂಬ ಕೋರಿಕೆಗೆ ಮೇಲಿನ ಮಿತಿಯೇ ಇಲ್ಲದ್ದರಿಂದ ಅದು ವಿವರಣೆಯನ್ನು ಮೀರಿತೆಂದು ನಿರಾಕರಣೆಯನ್ನು ಎತ್ತಿಹಿಡಿಯಲಾಯಿತು. ಶೇಕಡ 35ರಿಂದ 60 ಎಂಬ ಕೋರಿಕೆಗೆ ಆಧಾರವಿದೆಯೆಂದು ಒಪ್ಪಲಾಯಿತು. ನಮ್ಮ ನಿದರ್ಶನದಲ್ಲಿ ಕನಿಷ್ಠ 15 ಎಂದರೆ 100 ಮಿಲಿಮೀಟರ್ ಅಂತರವೂ ಒಳಗೊಳ್ಳುತ್ತದೆ. ಅಷ್ಟು ದೂರದ ಸಾಲುಗಳಲ್ಲಿ ನಾಳದ ಆಕಾರ ನಿಲ್ಲುವುದೆಂದು ಅರ್ಜಿದಾರನು ಎಲ್ಲಿಯೂ ಹೇಳಿಲ್ಲ. 20ರಿಂದ 40 ಎಂದು ಕುಗ್ಗಿಸಿದ್ದರೆ ಪದ ಉಳಿಯುವ ಸಂಭವ ಹೆಚ್ಚು.

(ಇ) ಜೋಡಣಾ ಸಾಧನ ಎಂಬ ಸಾಮಾನ್ಯ ಪದ

ವಿಶೇಷವನ್ನು ಹೇಳಿ ಸಾಮಾನ್ಯವನ್ನು ಕೋರಬಹುದೇ ಎಂಬ ಪ್ರಶ್ನೆಗೆ ತೀರ್ಪುಗಳು ಎರಡು ಬಗೆಯ ಉತ್ತರ ನೀಡಿವೆ, ಅವುಗಳಲ್ಲಿ ವಿರೋಧವಿಲ್ಲ. 1981ರ ರಾಸ್ಮುಸೆನ್ ಪ್ರಕರಣದಲ್ಲಿ ಪದರಗಳನ್ನು ಒಂದಕ್ಕೊಂದು ಅಂಟಿಸುವ ಒಂದು ವಿಧಾನವನ್ನಷ್ಟೇ ವಿವರಿಸಲಾಗಿತ್ತು. ಆದರೂ ಪದರಗಳು ಅಂಟಿಕೊಳ್ಳುವುದು ಮುಖ್ಯವೇ ಹೊರತು ಹೇಗೆ ಅಂಟಿಕೊಂಡವೆಂಬುದು ಅಮುಖ್ಯವೆಂದು ಬಲ್ಲ ಓದುಗನು ಗ್ರಹಿಸುತ್ತಾನೆಂಬ ಕಾರಣದಿಂದ ವ್ಯಾಪಕ ಕೋರಿಕೆಯನ್ನು ನ್ಯಾಯಾಲಯ ಮನ್ನಿಸಿತು.

1998ರ ಜೆಂಟ್ರಿ ಗ್ಯಾಲರಿ ವಿರುದ್ಧ ಬರ್ಕ್‌ಲೈನ್ ಪ್ರಕರಣ ಇದಕ್ಕೆ ವ್ಯತಿರಿಕ್ತ. ಒರಗುವ ಆಸನಗಳುಳ್ಳ ಸೋಫಾದಲ್ಲಿ ಎರಡು ಆಸನಗಳ ನಡುವಿನ ಕನ್ಸೋಲ್ ಮಾತ್ರವೇ ನಿಯಂತ್ರಕಗಳ ಸ್ಥಾನವೆಂದು ವಿವರಣೆ ಹೇಳಿತ್ತು. ಪ್ರತಿಸ್ಪರ್ಧಿಗಳು ಬೇರೆಡೆ ಇರಿಸುವುದನ್ನು ತಿಳಿಯುವ ತನಕ ತಾನು ಅನ್ಯ ಸ್ಥಾನವನ್ನು ಯೋಚಿಸಿರಲಿಲ್ಲವೆಂದು ಆವಿಷ್ಕಾರಕನೇ ಸಾಕ್ಷ್ಯ ನುಡಿದಿದ್ದನು. ಸ್ಥಾನವನ್ನು ನಿರ್ಬಂಧಿಸದ ಹಕ್ಕುಕೋರಿಕೆಗಳು ಅಸಿಂಧುವೆನಿಸಿದವು. 2004ರ ಕರ್ಟಿಸ್ ತೀರ್ಪು ನೂಲಿಗೆ ಇನ್ನೂ ಸಮೀಪದ್ದು. ಹಲ್ಲಿನ ಸಂದು ಶುಚಿಗೊಳಿಸುವ ಪಿಟಿಎಫ್‌ಇ ಎಳೆಗೆ ಲೇಪಿಸಲು ಮೊದಲ ಅರ್ಜಿಯಲ್ಲಿ ಒಂದು ಬಗೆಯ ಮೇಣವನ್ನಷ್ಟೇ ವಿವರಿಸಲಾಗಿತ್ತು. ನಂತರದ ಅರ್ಜಿಯಲ್ಲಿ ಘರ್ಷಣೆಯನ್ನು ಹೆಚ್ಚಿಸುವ ಲೇಪ ಎಂಬ ಸಾಮಾನ್ಯ ಪದವನ್ನು ಕೋರಲಾಯಿತು. ಒಂದು ಮೇಣದ ವಿವರಣೆ ಎಲ್ಲ ಲೇಪಗಳ ವಿವರಣೆಯಾಗದೆಂದು ತೀರ್ಮಾನವಾಯಿತು. ಹಿಂದಿನ ಅರ್ಜಿಯ ದಿನಾಂಕದ ಲಾಭ ತಪ್ಪಿದ್ದರಿಂದ ಆ ಕೋರಿಕೆಗಳ ನವೀನತೆಯೇ ಬಿದ್ದುಹೋಯಿತು.

ನಮ್ಮ ನಿದರ್ಶನದ ಭವಿಷ್ಯ ಈ ಎರಡರ ನಡುವೆ ನಿಂತಿದೆ. ನಾಳ ಉಂಟಾಗಲು ಪದರಗಳು ಗೆರೆಗೆರೆಯಾಗಿ ಕೂಡಿದರೆ ಸಾಕೆಂದು ವಿವರಣೆಯಿಂದ ತಿಳಿಯುವಂತಿದ್ದರೆ ರಾಸ್ಮುಸೆನ್ ತೀರ್ಪು ಅರ್ಜಿದಾರನ ಪಕ್ಷ. ಹೊಲಿಗೆಯ ರಂಧ್ರಗಳ ಮೂಲಕ ಗಾಳಿ ಸಂಚರಿಸುವುದೇ ಲಾಭವೆಂದು ಅವನು ಬರೆದಿದ್ದರೆ, ಹೊಲಿಗೆಯೇ ಆವಿಷ್ಕಾರದ ತಿರುಳಾಗಿ, ಶಾಖದಿಂದ ಬೆಸೆಯುವುದನ್ನೂ ಅಂಟಿಸುವುದನ್ನೂ ಒಳಗೊಳ್ಳುವ ಸಾಮಾನ್ಯ ಪದ ನಿಲ್ಲುವುದಿಲ್ಲ. ತನ್ನ ಆವಿಷ್ಕಾರವನ್ನು ಹೊಗಳಲು ಬರೆದ ವಾಕ್ಯವೇ ಅದರ ಎಲ್ಲೆಯೂ ಆಗುವುದು ಹೀಗೆ.

(ಈ) ಅಂಟಿಲ್ಲದೆ ಎಂಬ ನಿಷೇಧ

ಇಲ್ಲದಿರುವುದನ್ನು ಕೋರುವ ಮಾತಿಗೂ ಆಧಾರ ಬೇಕು. ವಿವರಣೆಯಲ್ಲಿ ಅಂಟಿನ ಪ್ರಸ್ತಾಪವೇ ಇಲ್ಲವಾದ್ದರಿಂದ ಅಂಟಿಲ್ಲವೆಂದೇ ಅರ್ಥವಲ್ಲವೇ ಎಂದು ಅರ್ಜಿದಾರನು ವಾದಿಸಬಹುದು. ಆದರೆ ಮೌನ ಬೇರೆ, ನಿಷೇಧ ಬೇರೆ. ಹೊರಗಿಡಲು ಕಾರಣವನ್ನು ವಿವರಣೆ ಹೇಳಿದ್ದರೆ ನಿಷೇಧರೂಪದ ಮಿತಿಗೆ ಆಧಾರ ದೊರೆಯುತ್ತದೆಂದು 2012ರ ಸ್ಯಾಂಟರಸ್ ವಿರುದ್ಧ ಪಾರ್ ಪ್ರಕರಣದಲ್ಲಿ ಹೇಳಲಾಯಿತು. 2022ರ ನೊವಾರ್ಟಿಸ್ ವಿರುದ್ಧ ಅಕಾರ್ಡ್ ಪ್ರಕರಣದಲ್ಲಿ ಇದೇ ನ್ಯಾಯಾಲಯವು ಜನವರಿಯಲ್ಲಿ ಪೇಟೆಂಟ್‌ದಾರರ ಪರ ತೀರ್ಪಿತ್ತು, ಜೂನ್ ತಿಂಗಳ ಮರುವಿಚಾರಣೆಯಲ್ಲಿ ಅದನ್ನು ತಿರುವುಮುರುವು ಮಾಡಿ, ಸಾಮಾನ್ಯವಾಗಿ ಮೌನವು ಬಹಿರಂಗಪಡಿಸುವಿಕೆಯಲ್ಲ ಎಂಬ ನಿಲುವನ್ನು ತಳೆಯಿತು. ಅಂಟು ಒಗೆತದಲ್ಲಿ ಬಿಟ್ಟುಹೋಗುವುದು, ಗಾಳಿಯ ಸಂಚಾರವನ್ನು ತಡೆಯುವುದು ಎಂಬ ಒಂದು ಸಾಲು ಮೂಲ ವಿವರಣೆಯಲ್ಲಿದ್ದಿದ್ದರೆ ಈ ಪದ ಸುರಕ್ಷಿತವಾಗಿರುತ್ತಿತ್ತು.

5. ನಿರಾಕರಣೆ ಮತ್ತು ಉತ್ತರ

ಆಧಾರವಿಲ್ಲವೆಂದು ತೋರಿಸುವ ಮೊದಲ ಹೊಣೆ ಪರೀಕ್ಷಕನದು. ಬಲ್ಲ ಓದುಗನು ಕೋರಿದ ವಿಷಯವನ್ನು ವಿವರಣೆಯಲ್ಲಿ ಏಕೆ ಗುರುತಿಸಲಾರನೆಂಬುದಕ್ಕೆ ಅವನು ಕಾರಣ ನೀಡಬೇಕು. ಪದ ಕಾಣುತ್ತಿಲ್ಲ ಎಂದಷ್ಟೇ ಹೇಳಿದರೆ ಸಾಲದು. ವರ್ಥೈಮ್ ತೀರ್ಪಿನಲ್ಲಿಯೇ ಈ ಮಾತು ಬಂದಿದೆ. ಅನಂತರ ಹೊಣೆ ಅರ್ಜಿದಾರನಿಗೆ ವರ್ಗಾವಣೆಯಾಗುತ್ತದೆ.

ಅವನ ಮುಂದೆ ನಾಲ್ಕು ದಾರಿಗಳಿವೆ. ವಿವರಣೆಯ ಯಾವ ಪುಟ, ಯಾವ ಸಾಲು, ಯಾವ ಚಿತ್ರದಲ್ಲಿ ಆಧಾರವಿದೆಯೆಂದು ಬೊಟ್ಟುಮಾಡಿ ತೋರಿಸುವುದು ಮೊದಲನೆಯದು. ಆ ಭಾಗವನ್ನು ಕಸುಬಿನವರು ಹೇಗೆ ಅರ್ಥೈಸುತ್ತಾರೆಂದು ಪರಿಣತರಿಂದ ಪ್ರಮಾಣಪತ್ರ ಸಲ್ಲಿಸುವುದು ಎರಡನೆಯದು. ಇಂತಹ ಪ್ರಮಾಣಪತ್ರವು ಇರುವ ಮಾತನ್ನು ಬೆಳಗಿಸಬಹುದು, ಇಲ್ಲದ ಮಾತನ್ನು ಸೇರಿಸಲಾರದು. ಪದವನ್ನು ವಿವರಣೆಯ ಅಳತೆಗೆ ಕುಗ್ಗಿಸುವುದು ಮೂರನೆಯದು. ನಾಲ್ಕನೆಯದು ಪೇಟೆಂಟ್ ವಿಚಾರಣೆ ಮತ್ತು ಮೇಲ್ಮನವಿ ಮಂಡಳಿಗೂ ಅಲ್ಲಿಂದ ಫೆಡರಲ್ ಸರ್ಕ್ಯೂಟಿಗೂ ಮೇಲ್ಮನವಿ ಹೋಗುವುದು.

ಹೊಸ ವಿವರಣೆಯೊಡನೆ ಹೊಸ ಅರ್ಜಿ ಸಲ್ಲಿಸಬಾರದೇ ಎಂಬ ಪ್ರಶ್ನೆ ಸಹಜ. ಸಲ್ಲಿಸಬಹುದು, ಆದರೆ ಹೊಸ ಮಾತಿಗೆ ಹೊಸ ದಿನಾಂಕವೇ ಸಲ್ಲುತ್ತದೆ. ಅಷ್ಟರಲ್ಲಿ ತನ್ನ ವಸ್ತ್ರವನ್ನು ಮಾರಾಟಕ್ಕೆ ಇಟ್ಟಿದ್ದರೆ ಅಥವಾ ಮೊದಲ ಅರ್ಜಿ ಪ್ರಕಟವಾಗಿದ್ದರೆ, ಅರ್ಜಿದಾರನ ಸ್ವಂತ ಕೃತಿಯೇ ಅವನಿಗೆ ಎದುರು ಸಾಕ್ಷಿಯಾಗಬಹುದು. ಆಧಾರದ ಪ್ರಶ್ನೆ ಎಷ್ಟೋ ವೇಳೆ ದಿನಾಂಕದ ಪ್ರಶ್ನೆಯೂ ಆಗಿರುವುದು ಈ ಕಾರಣದಿಂದ.

6. ಭಾರತದ ಕಾಯಿದೆ

ಭಾರತದ 1970ರ ಪೇಟೆಂಟ್ ಕಾಯಿದೆಯೂ ಇದೇ ತತ್ತ್ವವನ್ನು ತನ್ನದೇ ಮಾತಿನಲ್ಲಿ ಹೇಳುತ್ತದೆ. 10ನೆಯ ಪ್ರಕರಣದ 4ನೆಯ ಉಪಪ್ರಕರಣವು ಆವಿಷ್ಕಾರವನ್ನು ಪೂರ್ಣವಾಗಿಯೂ ವಿಶೇಷವಾಗಿಯೂ ವಿವರಿಸಬೇಕೆಂದು ವಿಧಿಸಿದರೆ, 5ನೆಯ ಉಪಪ್ರಕರಣವು ಹಕ್ಕುಕೋರಿಕೆಗಳು ಸ್ಪಷ್ಟವೂ ಸಂಕ್ಷಿಪ್ತವೂ ಆಗಿದ್ದು, ಬಹಿರಂಗಪಡಿಸಿದ ವಿಷಯವನ್ನು ನ್ಯಾಯವಾಗಿ ಆಧರಿಸಿರಬೇಕೆನ್ನುತ್ತದೆ. ಈ ಆಧಾರ ಇಲ್ಲದಿದ್ದರೆ, ಮಂಜೂರಾದ ಪೇಟೆಂಟನ್ನೂ 64ನೆಯ ಪ್ರಕರಣದಡಿ ರದ್ದುಪಡಿಸಲು ಅವಕಾಶವಿದೆ.

ತಿದ್ದುಪಡಿಯ ವಿಷಯದಲ್ಲಿ ಭಾರತದ ಕಾಯಿದೆ ಅಮೆರಿಕದ್ದಕ್ಕಿಂತ ಹೆಚ್ಚು ಬಿಗಿಯಾಗಿದೆ. 59ನೆಯ ಪ್ರಕರಣವು ಎರಡು ಗೆರೆಗಳನ್ನು ಎಳೆಯುತ್ತದೆ. ಮೂಲ ವಿವರಣ ಪತ್ರದಲ್ಲಿ ಸಾರತಃ ಬಹಿರಂಗವಾಗಿರದುದನ್ನು ತಿದ್ದುಪಡಿ ಒಳಗೊಳ್ಳಬಾರದು. ತಿದ್ದಿದ ಹಕ್ಕುಕೋರಿಕೆಯು ತಿದ್ದುವ ಮೊದಲಿನ ಹಕ್ಕುಕೋರಿಕೆಯ ವ್ಯಾಪ್ತಿಯೊಳಗೇ ಪೂರ್ತಿಯಾಗಿ ಇರಬೇಕು. ಅಮೆರಿಕದಲ್ಲಿ ವಿವರಣೆಯ ಆಧಾರವಿದ್ದರೆ ಪರೀಕ್ಷೆಯ ಹಂತದಲ್ಲಿ ಕೋರಿಕೆಯನ್ನು ಹಿಗ್ಗಿಸಬಹುದು. ಇಲ್ಲಿ ಆಧಾರವಿದ್ದರೂ ಹಿಗ್ಗಿಸುವಂತಿಲ್ಲ. ನಮ್ಮ ನಿದರ್ಶನದಲ್ಲಿ ಹೊಲಿಗೆಯ ಬದಲಿಗೆ ಜೋಡಣಾ ಸಾಧನ ಎಂದು ಬರೆಯುವ ತಿದ್ದುಪಡಿಯು ಮೊದಲ ಗೆರೆಯನ್ನು ದಾಟದಿದ್ದರೂ ಎರಡನೆಯದನ್ನು ದಾಟಿಬಿಡುತ್ತದೆ. ಆದರೂ, ಮಂಜೂರಾತಿಗೆ ಮುಂಚಿನ ತಿದ್ದುಪಡಿಗಳನ್ನು ಉದಾರವಾಗಿ ನೋಡಬೇಕೆಂದು ನಿಪ್ಪಾನ್ ಎ ಅಂಡ್ ಎಲ್ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2022ರಲ್ಲಿ ಹೇಳಿರುವುದು ಗಮನಾರ್ಹ.

ತಾತ್ಕಾಲಿಕ ವಿವರಣ ಪತ್ರದ ವಿಚಾರವನ್ನೂ ಇಲ್ಲಿ ಹೇಳಬೇಕು. ಆತುರದಲ್ಲಿ ಒಂದೆರಡು ಪುಟ ಬರೆದು ದಿನಾಂಕ ಕಾದಿರಿಸಿಕೊಂಡು, 12 ತಿಂಗಳೊಳಗೆ ಸಂಪೂರ್ಣ ವಿವರಣ ಪತ್ರ ಸಲ್ಲಿಸುವುದು ಸಣ್ಣ ಆವಿಷ್ಕಾರಕರ ಪದ್ಧತಿ. ಆದರೆ 11ನೆಯ ಪ್ರಕರಣದಂತೆ ತಾತ್ಕಾಲಿಕ ಪತ್ರವನ್ನು ನ್ಯಾಯವಾಗಿ ಆಧರಿಸಿರುವ ಹಕ್ಕುಕೋರಿಕೆಗೆ ಮಾತ್ರ ಆ ಮೊದಲ ದಿನಾಂಕ ದೊರೆಯುತ್ತದೆ. ಮೊದಲ ಪತ್ರದಲ್ಲಿ ಇಲ್ಲದ ಪದಕ್ಕೆ ಕಾದಿರಿಸಿದ ದಿನಾಂಕದ ರಕ್ಷೆ ಇಲ್ಲ.

7. ಕಸುಬಿನ ನುಡಿ ಮತ್ತು ಕಚೇರಿಯ ನುಡಿ

ಕರ್ನಾಟಕದ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಪೇಟೆಂಟ್ ನಿಯಮಗಳ ಪ್ರಕಾರ ದಾಖಲೆಗಳು ಹಿಂದಿ ಅಥವಾ ಇಂಗ್ಲಿಷ್ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿ ಹೊಲಿಯುವ ಕಸುಬುದಾರರ ತಿಳಿವು ಅನುವಾದದ ಮೂಲಕವೇ ಕಚೇರಿಯನ್ನು ಸೇರುತ್ತದೆ. ವಿವರಣೆ ಮೊದಲ ದಿನಕ್ಕೆ ಸ್ಥಿರವಾಗುವುದರಿಂದ ಅನುವಾದದಲ್ಲಿ ಕಳೆದುಹೋದ ಪದ ಹಕ್ಕಿನಿಂದಲೂ ಕಳೆದುಹೋಗುತ್ತದೆ.

ಧಾರವಾಡದ ಸೀಮೆಯ ಕಸೂತಿಯಿಂದ ಒಂದು ಉದಾಹರಣೆ ಕೊಡಬಹುದು. ಅದರಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳು ಪ್ರಸಿದ್ಧ. ಗವಂತಿಯಲ್ಲಿ ಸೂಜಿ ಮುಂದೆ ಹೋಗುವಾಗ ಬಿಟ್ಟ ಎಡೆಗಳನ್ನು ಮರಳಿ ಬರುವಾಗ ತುಂಬುವುದರಿಂದ ಬಟ್ಟೆಯ ಎರಡು ಮುಖಗಳಲ್ಲಿಯೂ ಒಂದೇ ರೂಪದ ಗೆರೆ ಮೂಡುತ್ತದೆ. ಇಂತಹ ಹೊಲಿಗೆಯನ್ನು ಬಳಸಿದ ಹೊಸ ವಸ್ತುವೊಂದರ ವಿವರಣೆಯಲ್ಲಿ ಅನುವಾದಕನು ಗವಂತಿಯನ್ನು ರನ್ನಿಂಗ್ ಸ್ಟಿಚ್ ಎಂದಷ್ಟೇ ಬರೆದನೆನ್ನೋಣ. ಆ ಹೆಸರು ಒಮ್ಮುಖವಾಗಿ ಸಾಗುವ ಸಾದಾ ಹೊಲಿಗೆಗೆ ಸಲ್ಲುತ್ತದೆ. ಮುಂದೆ ಪರೀಕ್ಷಕನ ಆಕ್ಷೇಪಣೆಗೆ ಉತ್ತರವಾಗಿ ಎರಡೂ ಮುಖಗಳಲ್ಲಿ ಸಮರೂಪವಾದ ಹೊಲಿಗೆ ಎಂದು ತಿದ್ದಹೊರಟರೆ, ಮೂಲದಲ್ಲಿ ಅದಕ್ಕೆ ಆಧಾರವಿರುವುದಿಲ್ಲ. ಹೊಲಿದವಳಿಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಗವಂತಿ ಎಂಬ ಹೆಸರಿನಲ್ಲಿಯೇ ಆ ಗುಣ ಅಡಗಿತ್ತು. ಕಾನೂನು ಕೇಳುವುದು ದಾಖಲೆಯ ಮಾತನ್ನು ಮಾತ್ರ.

ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲವೆಂದು ಕಾಯಿದೆಯ 3ನೆಯ ಪ್ರಕರಣದ ಪಿ ಖಂಡ ಹೇಳುವುದರಿಂದ ಕೌದಿಯಾಗಲಿ ಕಸೂತಿಯಾಗಲಿ ತಾವಾಗಿ ಪೇಟೆಂಟಿನ ವಸ್ತುಗಳಲ್ಲ. ಕಸೂತಿಗೆ ಭೌಗೋಳಿಕ ಸೂಚಿಯ ರಕ್ಷಣೆ ದೊರೆತಿದೆ. ಆದರೆ ಈ ಕಸುಬುಗಳ ಅನುಭವದಿಂದ ಹುಟ್ಟುವ ಹೊಸ ರಚನೆಗಳಿಗೆ ಪೇಟೆಂಟ್ ಸಾಧ್ಯ. ಅಲ್ಲಿ ಬೇಕಾದುದು ಕಸುಬಿನ ಪದವನ್ನು ಹಾಗೆಯೇ ಉಳಿಸಿಕೊಂಡು, ಸೂಜಿಯ ಚಲನೆ, ದಾರದ ದಾರಿ, ಎರಡೂ ಮುಖಗಳ ನೋಟ ಇವನ್ನು ಹಂತಹಂತವಾಗಿ ವಿವರಿಸುವ ಬರವಣಿಗೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸಿದ್ಧಿಸುತ್ತವೆ. ಹೊಲಿದ ವಸ್ತ್ರದ ವಿವರಣ ಪತ್ರ ಬರೆಯುವವರು ಒಂದೇ ಮಾದರಿಯನ್ನು ಹೇಳಿ ನಿಲ್ಲಿಸದೆ, ಹೊಲಿಗೆಗೆ ಬದಲಾಗಿ ಬಳಸಬಹುದಾದ ಜೋಡಣೆಗಳನ್ನೂ ಬಳಸಬಾರದವನ್ನೂ ಕಾರಣಸಹಿತ ಹೇಳಬೇಕು. ಅಳತೆಗಳನ್ನು ಹೇಳುವಾಗ ವ್ಯಾಪ್ತಿಯ ಎರಡು ತುದಿಗಳ ಜೊತೆಗೆ ನಡುವಣ ಮೌಲ್ಯಗಳನ್ನೂ ನಮೂದಿಸಬೇಕು. ತುಂಡುಗೆರೆಯ ಅರ್ಥವೇನೆಂದು ಚಿತ್ರದ ವಿವರಣೆಯಲ್ಲಿ ಸ್ಪಷ್ಟಪಡಿಸಬೇಕು. ಯಾವ ಲಕ್ಷಣ ಮುಖ್ಯ, ಯಾವುದು ಆನುಷಂಗಿಕ ಎಂಬುದನ್ನು ಬೇರ್ಪಡಿಸಿ ಹೇಳಬೇಕು. ಕಸುಬುದಾರರ ಮುಂದೆ ಕರಡನ್ನು ಅವರ ನುಡಿಯಲ್ಲಿ ಓದಿ ಹೇಳಿ, ಬಿಟ್ಟುಹೋದುದನ್ನು ಸೇರಿಸಿದ ಬಳಿಕವೇ ಅರ್ಜಿ ಸಲ್ಲಿಸಬೇಕು.

ಆಧಾರದ ನಿಯಮವನ್ನು ಕೇವಲ ಶಬ್ದಜಾಲವೆಂದು ದೂರುವವರಿದ್ದಾರೆ. ಸಣ್ಣ ಆವಿಷ್ಕಾರಕನಿಗೆ ಅದು ಕಠಿಣವಾಗಿರುವುದೂ ನಿಜ. ನುರಿತ ಬರಹಗಾರರನ್ನು ನೇಮಿಸಿಕೊಳ್ಳಬಲ್ಲ ದೊಡ್ಡ ಸಂಸ್ಥೆಗೆ ಮೊದಲ ದಿನವೇ ಎಲ್ಲವನ್ನೂ ಬರೆಸುವುದು ಸುಲಭ. ಆದರೆ ಇದೇ ನಿಯಮವು, ತಾನು ಯೋಚಿಸದುದನ್ನು ತನ್ನದೆಂದು ಬೇಲಿ ಹಾಕಿಕೊಳ್ಳದಂತೆ ಆ ದೊಡ್ಡ ಸಂಸ್ಥೆಯನ್ನೂ ತಡೆಯುತ್ತದೆ. ರೀನೊ ಪಟ್ಟಣದ ದರ್ಜಿಯು ಜೇಬಿನ ಬಾಯಿಗೆ ಮಾತ್ರ ಹಕ್ಕು ಕೋರಿದ್ದನು. ತನಗಿಂತ ಹಿಂದೆ ಪಾದರಕ್ಷೆಯವರು ಮಾಡಿದ್ದನ್ನು ಅವರಿಗೇ ಬಿಟ್ಟು, ತಾನು ಮಾಡಿದ್ದನ್ನು ಮಾಡಿದಷ್ಟೇ ಬರೆದಿದ್ದನು. ನಮ್ಮ ಕಸುಬುದಾರರ ತಿಳಿವು ದಾಖಲೆಯಲ್ಲಿ ಅಷ್ಟೇ ನಿಖರವಾಗಿ ನೆಲೆಗೊಳ್ಳಬೇಕಾದರೆ, ಅವರ ನುಡಿಯನ್ನು ಬಲ್ಲ ವಿವರಣಕಾರರು ಹಾಗೂ ಹೊಲಿಗೆಯ ಪದಗಳ ವ್ಯವಸ್ಥಿತ ಪದಕೋಶ ನಮ್ಮ ಸಂಶೋಧನಾ ಸಂಸ್ಥೆಗಳಿಂದ ಸಿದ್ಧವಾಗಬೇಕಾಗಿದೆ.